ಪಾವಣೆ ಎರಡು

೧೯೭೪ರ ಜುಲೈ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಧರ್ಮಣ್ಣ ಆಸ್ಪತ್ರೆಯ ಬ್ಯಾಟರಿ ಕೋಣೆಯಲ್ಲಿ ಬಗ್ಗಿ ನಿಂತು ಒಂದು ಗಾಜಿನ ಜಾಡಿಗೆ ಬಟ್ಟಿ ಇಳಿಸಿದ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದ. ಉಸಿರು ಬಿಗಿಹಿಡಿದಿದ್ದ. ಆ ಕೋಣೆಯೊಳಗೆ ಅವನು ಯಾವ ಕೆಲಸವನ್ನೂ ಸಲೀಸಾಗಿ ಉಸಿರಾಡುತ್ತ ಮಾಡಿದವನಲ್ಲ.

ಮೂಲೆಯ ಫ್ಯಾನು ಸುತ್ತುವುದು ನಿಧಾನವಾಗಿ ನಿಂತಿತು. ನೆತ್ತಿಯ ಮೇಲಿನ ಬಲ್ಬು ಆರಿತು. ಗೋಡೆಯ ಮೇಲಿದ್ದ ದೊಡ್ಡ ಸ್ವಿಚ್ಚು ಯಾರೂ ಮುಟ್ಟದೆಯೇ ಟಕ್ ಎಂದು ಬಿದ್ದು, ಪಕ್ಕದ ಮೀಟರಿನ ಮುಳ್ಳು ಸೊನ್ನೆಯಿಂದ ಮೂವತ್ತು ಆಂಪಿಯರಿಗೆ ಹಾರಿ ನಡುಗುತ್ತ ನಿಂತಿತು. ಧರ್ಮಣ್ಣ ನೀರಿನ ಪಾತ್ರೆಯನ್ನು ಕೆಳಗಿಟ್ಟು ಮುಳ್ಳನ್ನೇ ನೋಡಿದ. ಹೊರಗೆ ಮಳೆ ಹುಯ್ಯುತ್ತಿತ್ತು. ರಸ್ತೆಯಲ್ಲಿ ಎಲ್ಲೋ ಕೇಬಲ್ಲಿಗೆ ನೀರು ಹೊಕ್ಕಿರಬೇಕು. ಮೂರನೆಯ ಮಾಳಿಗೆಯ ಆಪರೇಷನ್ ಥಿಯೇಟರಿನಲ್ಲಿ ಈಗ ಉರಿಯುವ ದೀಪ ಇವನ ಜಾಡಿಗಳ ದೀಪ.

ಥಿಯೇಟರಿನ ಮೇಜಿನ ಮೇಲೆ ಯಾರಿದ್ದಾರೆಂದೂ ಅವನಿಗೆ ಗೊತ್ತಿತ್ತು. ಅಂಧೇರಿಯ ಒಂದು ಹೋಟೆಲಿನಲ್ಲಿ ಅಡುಗೆಗಿದ್ದ ಐತ ಎಂಬವನ ಹೆಂಡತಿ, ಸೇವಂತಿ. ಚೊಚ್ಚಲ ಬಸಿರು. ಮಗು ಅಡ್ಡ ನಿಂತಿತ್ತು. ಥಿಯೇಟರಿನ ಬಾಗಿಲು ಕಾಯುವ ದೂಜ ಊಟದ ಹೊತ್ತಿನಲ್ಲಿ ಹೇಳಿದ್ದ: "ಪಾಪದ ಹೆಂಗಸು ಮಾರಾಯ್ರೆ. ನಿನ್ನೆಯಿಂದ ಒದ್ದಾಡ್ತಾ ಉಂಟು. ಇನ್ನು ಹೊಟ್ಟೆ ಕೊಯ್ಯುವುದೇ ಅಂತ ಡಾಕ್ಟ್ರು ಹೇಳಿದ್ರು."

ಸಯನ್ನಿಗೂ ಮಾಟುಂಗಾಕ್ಕೂ ನಡುವಿನ ಆ ಆಸ್ಪತ್ರೆ ಒಂದು ಧರ್ಮಾರ್ಥ ಸಂಸ್ಥೆಯದು. ಕರೆಂಟು ಹೋದಾಗ ಥಿಯೇಟರಿನ ದೀಪವೂ ರಕ್ತ ಹೀರುವ ಯಂತ್ರವೂ ನಿಲ್ಲಬಾರದೆಂದು ಕಟ್ಟಡದ ಹಿಂಬದಿಯ ಕೋಣೆಯಲ್ಲಿ ಐವತ್ತೈದು ಗಾಜಿನ ಜಾಡಿಗಳನ್ನು ಮರದ ಹಲಗೆಗಳ ಮೇಲೆ ಸಾಲಾಗಿ ಇಟ್ಟಿದ್ದರು. ಒಂದೊಂದರಲ್ಲೂ ಸೀಸದ ಫಲಕಗಳು, ಅವು ಮುಳುಗುವಷ್ಟು ನೀರು ಬೆರೆಸಿದ ಗಂಧಕಾಮ್ಲ. ಕರೆಂಟು ಇದ್ದಾಗ ಚಾರ್ಜರು ಅವುಗಳನ್ನು ತುಂಬುತ್ತದೆ, ಇಲ್ಲದಾಗ ಅವು ತುಂಬಿಕೊಂಡದ್ದನ್ನು ವಾಪಸು ಕೊಡುತ್ತವೆ. ಒಂದು ಜಾಡಿಯದು ಎರಡು ವೋಲ್ಟು. ಐವತ್ತೈದನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದರೆ ನೂರಹತ್ತು. ಇಷ್ಟೇ ಅದರ ಶಾಸ್ತ್ರ.

ಆದರೆ ಆ ಎರಡು ವೋಲ್ಟು ಎಂಬುದು ನಿಂತಲ್ಲಿ ನಿಲ್ಲುವ ಅಂಕಿಯಲ್ಲ. ಚಾರ್ಜರಿನ ಕೆಳಗೆ ತುಂಬಿ ನಿಂತ ಜಾಡಿ ಎರಡೂಕಾಲು ತೋರಿಸುತ್ತದೆ. ಕೆಲಸಕ್ಕೆ ಹಚ್ಚಿದೊಡನೆ ಎರಡಕ್ಕೆ ಇಳಿದು ಬಹಳ ಹೊತ್ತು ಅಲ್ಲೇ ಸುತ್ತಾಡುತ್ತದೆ. ಕೊನೆಗೆ ಒಂದೂಮುಕ್ಕಾಲಿಗೆ ಬಂದಾಗ ಹೊರೆ ಇಳಿಸಲೇಬೇಕು, ಎಂದರೆ ತೀರಾ ಬೇಕಾದ್ದೊಂದನ್ನು ಬಿಟ್ಟು ಉಳಿದ ದೀಪ, ಯಂತ್ರಗಳನ್ನು ಆರಿಸಲೇಬೇಕು. ಎರಡರಿಂದ ಒಂದೂಮುಕ್ಕಾಲಿನ ತನಕ ಇಳಿಜಾರಿನ ರಸ್ತೆಯಾದರೆ, ಅದರ ಆಚೆ ರಸ್ತೆಯೇ ಇಲ್ಲ, ಬಾವಿ.

ಧರ್ಮಣ್ಣ ಹುಟ್ಟಿದ್ದು ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ. ಅಲ್ಲಿಯ ಮಾತಿನಲ್ಲಿ ಎಂಟೂಕಾಲು ಗಂಟೆ ಎಂದರೆ ಸವ್ವಾ ಎಂಟು, ಏಳೂಮುಕ್ಕಾಲು ಎಂದರೆ ಪಾವಣೆ ಎಂಟು. ಎಂಟಾಗಲು ಇನ್ನೂ ಕಾಲು ಬಾಕಿ ಎಂಬ ಅರ್ಥ. ಹಾಗಾಗಿ ಅವನ ಲೆಕ್ಕದಲ್ಲಿ ತುಂಬಿದ ಜಾಡಿ ಸವ್ವಾ ಎರಡು, ಬರಿದಾಗುತ್ತಿರುವ ಜಾಡಿ ಪಾವಣೆ ಎರಡು. ಮರಾಠಿಯಲ್ಲೂ ಹೀಗೆಯೇ ಹೇಳುವುದರಿಂದ ಥಿಯೇಟರಿನ ಹಿರಿಯ ನರ್ಸು ರುಕ್ಮಿಣಿಬಾಯಿಗೆ ಅವನ ಮಾತು ಒಮ್ಮೆಯೂ ತೊಡಕಾಗಿರಲಿಲ್ಲ. ದಿನಾ ಬೆಳಿಗ್ಗೆ ಅವನು ಒಳಗಿನ ಫೋನು ತಿರುಗಿಸಿ "ಸವ್ವಾದೋನ್, ಬಾಯಿ" ಎನ್ನುತ್ತಿದ್ದ. ಅವರು "ಛಾನ್", ಒಳ್ಳೆಯದು, ಎಂದು ಫೋನು ಇಡುತ್ತಿದ್ದರು.

ಅವನು ಮುಂಬಯಿಗೆ ಬಂದದ್ದು ೧೯೬೭ರಲ್ಲಿ. ಮೊದಲು ಚೆಂಬೂರಿನ ಕಾರ್ಖಾನೆಗಳ ಕಡೆ ಕೇಬಲ್ ಹುಗಿಯುವ ಗುಂಡಿ ತೋಡಿದ. ಮರುವರ್ಷ ಈ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಆಗ ಬ್ಯಾಟರಿ ಕೋಣೆ ರಾಯಚೂರಿನ ಮರೆಪ್ಪ ಎಂಬವರ ವಶದಲ್ಲಿತ್ತು. ಅವರು ಕೋಣೆಗೆ ಹೆದರುತ್ತಿರಲಿಲ್ಲ. "ಇವು ಉಪ್ಪಿನಕಾಯಿ ಜಾಡಿ ಇದ್ದಂಗ, ಏನ್ ಕಡೀತಾವೇನು?" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಜಾಡಿಗಳು ಚಾರ್ಜಿನಲ್ಲಿ ಗುಳುಗುಳು ಎನ್ನುತ್ತಿರುವಾಗ ಬಾಗಿಲು ಮುಚ್ಚಿಕೊಂಡು ಬೀಡಿ ಹಚ್ಚಿದರು. ಆ ಗುಳ್ಳೆಗಳಲ್ಲಿ ಹೊಮ್ಮುವುದು ಜಲಜನಕ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಕಿಡಿ ತಾಗಿದರೆ ಸಿಡಿಯುತ್ತದೆ. ಮೊದಲು ಒಳಗೆ ಓಡಿದವನು ಧರ್ಮಣ್ಣ. ಗಾಜಿನ ಚೂರುಗಳ ನಡುವೆ ಮರೆಪ್ಪ ಮುಖ ಮುಚ್ಚಿಕೊಂಡು ಕುಳಿತಿದ್ದರು. ಬಲಗಣ್ಣು ಹೋಯಿತು. ಊರಿಗೆ ಹೊರಡುವ ದಿನ ಅವರು ಧರ್ಮಣ್ಣನ ಕೈ ಹಿಡಿದು, "ತಮ್ಮಾ, ಅಂಜಿಕಿ ಬಿಡಬ್ಯಾಡ. ಅಂಜಿಕಿ ಇದ್ರ ಕಣ್ಣಿರತಾವ," ಎಂದರು. ಕೋಣೆ ಧರ್ಮಣ್ಣನ ಪಾಲಿಗೆ ಬಂತು.

ಹೇಳಿಸಿಕೊಳ್ಳದಿದ್ದರೂ ಅವನು ಅಂಜುತ್ತಿದ್ದ. ಬಾಗಿಲು ತೆಗೆಯುವ ಮುನ್ನ ಜೇಬು ತಡವಿ ಬೆಂಕಿಪೆಟ್ಟಿಗೆ ಇಲ್ಲವೆಂದು ನೋಡುತ್ತಿದ್ದ. ಬೀಡಿ ಸೇದುವವನೇ ಅಲ್ಲ, ಆದರೂ. ಬಾಗಿಲು ತೆಗೆದು ಕೊಂಚ ಹೊತ್ತು ಹೊರಗೇ ನಿಂತು, ಒಳಗಿನ ಗಾಳಿ ಹೋಗಲೆಂದು ಕಾಯುತ್ತಿದ್ದ. ಒಳಗೆ ಕೆಮ್ಮಿದರೂ ಮೆಲ್ಲಗೆ. ಕೆಲಸ ಮುಗಿಸಿ ಚೆಂಬೂರಿನ ಚಾಳಿಗೆ ಹೋದ ಮೇಲೂ ಗಂಟಲಿನಲ್ಲಿ ಆಸಿಡ್ಡಿನ ಹುಳಿ ಇರುತ್ತಿತ್ತು. ಬಟ್ಟೆಯ ಮೇಲೆ ಸಿಡಿದ ಹನಿ ಆಗ ಕಾಣುವುದಿಲ್ಲ, ತೊಳೆದಾಗ ತೂತು ಬೀಳುತ್ತದೆ. ಹೆಂಡತಿ ಭಾಗವ್ವ ನಲ್ಲಿಯ ಹತ್ತಿರ ಅಂಗಿ ಹಿಂಡಿ ಬೆಳಕಿಗೆ ಎತ್ತಿ ಹಿಡಿದು, "ಇದನ್ನ ಹೊಲೀಲೋ, ಹಿಟ್ಟು ಸಾಣಿಸಲೋ?" ಎಂದು ಕೇಳಿದರೆ ಚಾಳಿನ ಹೆಂಗಸರೆಲ್ಲ ನಗುತ್ತಿದ್ದರು. ಧರ್ಮಣ್ಣನೂ ನಗುತ್ತಿದ್ದ. ಆದರೆ ಆ ತೂತುಗಳನ್ನು ನೋಡಿದಾಗೆಲ್ಲ ಇಷ್ಟು ಹನಿ ಕಣ್ಣೊಳಗೆ ಸಿಡಿಯದೆ ತಪ್ಪಿದವು ಎಂದೇ ಅವನಿಗೆ ಅನ್ನಿಸುತ್ತಿತ್ತು.

ಕಾಲ ಹೋದಂತೆ ಅಂಜಿಕೆಗೆ ಇನ್ನೊಂದು ಮುಖ ಮೂಡಿತು. ತಾನು ಸಿಡಿದು ಹೋಗುವುದಕ್ಕಿಂತ ಹೆಚ್ಚಾಗಿ, ಮೇಲೆ ಯಾರದೋ ಹೊಟ್ಟೆ ತೆರೆದಿರುವಾಗ ದೀಪ ಆರಿಹೋಗುವುದಕ್ಕೆ ಅವನು ಹೆದರತೊಡಗಿದ. ಥಿಯೇಟರಿನ ಒಳಗನ್ನು ಅವನು ಕಂಡವನೇ ಅಲ್ಲ. ಕಾಣದ್ದರಿಂದಲೇ ಕನಸಿನಲ್ಲಿ ಅದು ಬರುತ್ತಿತ್ತು: ಕತ್ತಲೆ, ಮತ್ತು ಕತ್ತಲೆಯಲ್ಲಿ ಒಬ್ಬರು ಕನ್ನಡದಲ್ಲಿ "ದೀಪ, ದೀಪ" ಎನ್ನುವುದು.

ಆ ಜುಲೈ ತಿಂಗಳಿನಲ್ಲಿ ಹೆದರಲು ಕಾರಣಗಳು ಕೂಡಿ ಬಂದಿದ್ದವು. ವಾರದಿಂದ ಕರೆಂಟು ಬಂದಂತೆ ಬಂದು ಹೋದಂತೆ ಹೋಗುತ್ತಿತ್ತು. ಇದ್ದಾಗಲೂ ಇನ್ನೂರ ಮೂವತ್ತು ವೋಲ್ಟು ಇರಬೇಕಾದ ಕಡೆ ಇನ್ನೂರು ಮುಟ್ಟುತ್ತಿರಲಿಲ್ಲ. ಬಲ್ಬುಗಳು ಹಣ್ಣು ನಿಂಬೆಯ ಬಣ್ಣದಲ್ಲಿ ಉರಿಯುತ್ತಿದ್ದವು. ಅಷ್ಟು ಬಡಕಲು ವೋಲ್ಟೇಜಿನಲ್ಲಿ ಹಳೆಯ ಚಾರ್ಜರು ಗೊರಗುಟ್ಟುತ್ತಿತ್ತೇ ಹೊರತು ಜಾಡಿಗಳನ್ನು ತುಂಬುತ್ತಿರಲಿಲ್ಲ. ಡೀಸೆಲ್ ಜನರೇಟರು ಇದ್ದ ಶೆಡ್ಡಿಗೆ ಹಿಂದಿನ ದಿನ ಮಳೆನೀರು ನುಗ್ಗಿ ಅದೂ ಮಲಗಿತ್ತು. ಈ ಬೆಳಿಗ್ಗೆ ಜಾಡಿಗಳು ಸವ್ವಾ ಎರಡು ತೋರಿಸಿರಲಿಲ್ಲ. ಎರಡರ ಮೇಲೆ ಮೀಟರಿನ ಒಂದು ಎಳೆ ಗೆರೆ, ಅಷ್ಟೇ. ಅದನ್ನು ಫೋರ್‌ಮನ್ನಿಗೆ ಹೇಳಿದ್ದ. "ಕರೆಂಟು ಹೋದರೆ ತಾನೆ?" ಎಂದಿದ್ದರು ಅವರು.

ಈಗ ಹೋಗಿತ್ತು.

ಎರಡು ಮೊನೆಗಳ ಕೈ ಮೀಟರನ್ನು ಹಿಡಿದು ಅವನು ಜಾಡಿಯಿಂದ ಜಾಡಿಗೆ ನಡೆದ. ಸಾಲಿನ ನಡುವಿನ ಒಂದು ಜಾಡಿಯನ್ನು ಉಳಿದವುಗಳ ನಾಡಿಯೆಂದು ಇಟ್ಟುಕೊಂಡಿದ್ದ. ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿದ. ಎರಡು. ಎರಡಕ್ಕೆ ಒಂದು ಎಳೆ ಕಡಿಮೆ. ಎರಡು ಎಳೆ ಕಡಿಮೆ. ಗವಾಕ್ಷಿಯಿಂದ ಬರುವ ಮಳೆಗಾಲದ ಮಬ್ಬು ಬೆಳಕಿನಲ್ಲಿ ಮುಳ್ಳನ್ನು ಓದಲು ಮೂಗನ್ನು ಮೀಟರಿಗೆ ತಾಗಿಸಬೇಕಿತ್ತು. ಮೇಲೆ ಏನು ನಡೆದಿದೆಯೋ ಗೊತ್ತಾಗುವ ದಾರಿ ಇರಲಿಲ್ಲ. ಆಂಪಿಯರಿನ ಮುಳ್ಳು ಮೂವತ್ತರಲ್ಲೇ ಇದ್ದುದರಿಂದ ಕೆಲಸ ಮುಗಿದಿಲ್ಲ ಎಂದಷ್ಟೇ ತಿಳಿಯುತ್ತಿತ್ತು. ಒಂದು ಗಂಟೆಯೂ ಆಗಿರಲಿಲ್ಲ, ನಾಡಿಜಾಡಿ ಪಾವಣೆ ಎರಡು ತೋರಿಸಿತು. ಅವನು ಪಕ್ಕದ್ದನ್ನು ನೋಡಿದ. ಅದೂ ಅಷ್ಟೇ.

ಹೊರೆ ಇಳಿಸುವ ಸ್ವಿಚ್ಚುಗಳು ಥಿಯೇಟರಿನ ಬಾಗಿಲ ಬಳಿ ಇದ್ದವು. ಕೆಳಗೆ ಅವನ ಕೈಯಲ್ಲಿದ್ದದ್ದು ಒಂದೇ ಸ್ವಿಚ್ಚು, ಎಲ್ಲವನ್ನೂ ಒಮ್ಮೆಗೇ ಆರಿಸುವಂಥದ್ದು. ಅವನು ಫೋನು ತಿರುಗಿಸಿದ.

"ಹಲೋ, ಥಿಯೇಟರ್."

ದನಿ ರುಕ್ಮಿಣಿಬಾಯಿಯದಾಗಿರಲಿಲ್ಲ. "ಬಾಯಿ ಕುಠೆ ಆಹೇತ?" ಎಂದ ಧರ್ಮಣ್ಣ.

"ಅವರು ರಜೆಯಲ್ಲಿದ್ದಾರೆ. ನಾನು ರಾಜೀವಿ, ಹೊಸಬಳು. ನೀವು ಬ್ಯಾಟರಿಯ ಧರ್ಮಣ್ಣ ಅಲ್ವಾ? ದೂಜಣ್ಣ ಹೇಳಿದ್ರು. ಕನ್ನಡದಲ್ಲೇ ಹೇಳಿ, ಬೇಗ ಹೇಳಿ."

ಕನ್ನಡ ಕೇಳಿ ಧರ್ಮಣ್ಣನಿಗೆ ಅರ್ಧ ಜೀವ ಬಂದಂತಾಯಿತು. ಈ ಕೆಲಸಕ್ಕೆ ಬಂದ ಮೇಲೆ ಜಾಡಿಯ ಅಂಕಿಯನ್ನು ಅವನು ಮರಾಠಿಯಲ್ಲಿ ಹೇಳಿದ್ದ, ಹಿಂದಿಯಲ್ಲಿ ಹೇಳಿದ್ದ, ಫೋರ್‌ಮನ್ನಿಗೆ ಹರಕುಮುರುಕು ಇಂಗ್ಲಿಷಿನಲ್ಲೂ ಹೇಳಿದ್ದ. ಕನ್ನಡದಲ್ಲಿ ಹೇಳುತ್ತಿರುವುದು ಇದೇ ಮೊದಲು.

"ಅಕ್ಕಾರ, ಪಾವಣೆ ಎರಡಕ್ಕ ಬಂದೈತ್ರಿ."

"ಎಷ್ಟು?"

"ಪಾವಣೆ ಎರಡು."

"ಪಾವಣೆ ಎರಡು," ಎಂದು ಅವಳೂ ಹೇಳಿದಳು. ಹೇಳಿದ್ದನ್ನು ತಿರುಗಿ ಹೇಳುವುದು ಆಸ್ಪತ್ರೆಯ ಪದ್ಧತಿ. "ಆಯ್ತು. ಒಳ್ಳೇದಾಯ್ತು." ಫೋನು ಇಟ್ಟಳು.

ಧರ್ಮಣ್ಣ ಮೀಟರಿನ ಎದುರು ನಿಂತ. ಈಗ ಅವಳು ಹಜಾರದ ದೀಪ ತೆಗೆಯುತ್ತಾಳೆ, ಪಕ್ಕದ ಕೋಣೆಗಳದು ತೆಗೆಯುತ್ತಾಳೆ, ಯಂತ್ರ ನಿಲ್ಲಿಸುತ್ತಾಳೆ. ಮೇಜಿನ ಮೇಲಿನ ದೀಪವೊಂದು ಉಳಿಯುತ್ತದೆ, ಮುಳ್ಳು ಹತ್ತಕ್ಕೆ ಇಳಿಯುತ್ತದೆ. ಅವನು ಕಾದ. ಮುಳ್ಳು ಮೂವತ್ತರಲ್ಲೇ ಇತ್ತು. ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿದ, ಮುಳ್ಳು ಎಲ್ಲಾದರೂ ಸಿಕ್ಕಿಕೊಂಡಿದೆಯೇನೋ ಎಂದು. ಮುಳ್ಳು ಅಲುಗಿ ಅಲ್ಲೇ ನಿಂತಿತು.

ಒಳ್ಳೇದಾಯ್ತು ಎಂದಳಲ್ಲ. ಪಾವಣೆ ಎರಡಕ್ಕೆ ಬಂದರೆ ಒಳ್ಳೆಯದೇನಾಯಿತು?

ನಾಡಿಜಾಡಿಗೆ ಮೀಟರು ತಾಗಿಸಿದ. ಮುಳ್ಳು ಪಾವಣೆ ಎರಡಕ್ಕಿಂತ ಒಂದು ಕೂದಲಿನಷ್ಟು ಕೆಳಗಿತ್ತು. ಮತ್ತೆ ಫೋನು ತಿರುಗಿಸಿದ. ಯಾರೋ ಮಾತಾಡುತ್ತಿರುವ ಗುರುಗುರು ಸದ್ದು. ಇಟ್ಟು ಮತ್ತೆ ತಿರುಗಿಸಿದ, ಅದೇ ಸದ್ದು. ಜಾಡಿಗಳು ಕೆಲಸದಲ್ಲಿರುವಾಗ ಕೋಣೆ ಬಿಟ್ಟು ಹೋಗಬಾರದೆಂಬುದು ಅವನೇ ಹಾಕಿಕೊಂಡ ನೇಮ. ಅವನು ಹಾಕಿಕೊಂಡ ನೇಮಗಳನ್ನು ಅವನು ಮುರಿದವನಲ್ಲ. ಬಾಗಿಲಿನ ತನಕ ಹೋದ, ತಿರುಗಿ ಐವತ್ತೈದು ಜಾಡಿಗಳನ್ನು ನೋಡಿದ, ಆಮೇಲೆ ಓಡಿದ.

ಲಿಫ್ಟು ನಿಂತಿತ್ತು. ರಬ್ಬರ್ ಬೂಟಿನಲ್ಲಿ ಮೆಟ್ಟಿಲು ಹತ್ತುವುದು ಕೆಸರಿನಲ್ಲಿ ಓಡಿದಂತೆ. ಎರಡನೆಯ ಮಾಳಿಗೆಯ ತಿರುವಿನಲ್ಲಿ ಒಬ್ಬ ತೆಳ್ಳನೆಯ ಮನುಷ್ಯ ಮೊಣಕಾಲಿನ ನಡುವೆ ತಲೆ ಇಟ್ಟು ಕುಳಿತಿದ್ದ. ಅಂಗಿಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವನೇ ಐತ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಓಡುವವನನ್ನು ಕಂಡು ಐತ ಎದ್ದು ನಿಂತ.

"ಎಂತ ಆಯ್ತು? ಯಾಕೆ ಓಡ್ತೀರಿ? ಅವಳಿಗೆ ಎಂತಾದ್ರೂ ಆಯ್ತಾ?"

ಧರ್ಮಣ್ಣ ನಿಲ್ಲಲಿಲ್ಲ. ಅವನ ಭುಜವನ್ನು ಒಮ್ಮೆ ಮುಟ್ಟಿ ಮೇಲಕ್ಕೆ ಹತ್ತಿದ. ಹಿಂದಿನಿಂದ ಐತನ ಹೆಜ್ಜೆಗಳೂ ಕೇಳಿಸಿದವು.

ಥಿಯೇಟರಿನ ಹೊರಗೆ ನೆಲದ ಮೇಲೆ ಕೆಂಪು ಗೆರೆ, ಗೆರೆಯ ಬಳಿ ಸ್ಟೂಲಿನ ಮೇಲೆ ದೂಜ.

"ಏ ಏ, ನಿಲ್ಲಿ ಮಾರಾಯ್ರೆ! ಆ ಬೂಟು ಹಾಕಿಕೊಂಡು ಎಲ್ಲಿಗೆ? ಇದು ನಿಮ್ಮ ಆಸಿಡ್ ಅಂಗಡಿ ಅಲ್ಲ."

"ರಾಜೀವಿ ಅಕ್ಕಾರನ್ನ ಕರೀರಿ. ಲಗೂನ ಕರೀರಿ."

"ಒಳಗೆ ರಕ್ತ ನಿಲ್ಲುವುದಿಲ್ಲ ಅಂತ ಹೇಳ್ತಾ ಇದ್ದಾರೆ, ನಿಮಗೆ ಈಗ—"

"ದೂಜಣ್ಣಾ, ಕರೀರಿ!"

ಅವನ ಮುಖ ನೋಡಿ ದೂಜ ಎದ್ದ. ಬಾಗಿಲು ಒಂದು ಗೇಣು ತೆರೆದು ಒಳಗೆ ಏನೋ ಹೇಳಿದ. ಬಾಗಿಲಿಗಿದ್ದ ದುಂಡು ಗಾಜಿನಲ್ಲಿ ಧರ್ಮಣ್ಣನಿಗೆ ಮೇಜಿನ ಮೇಲಿನ ದೀಪ ಮಾತ್ರ ಕಂಡಿತು. ಅದು ಬೆಳ್ಳಗಿರಬೇಕಿತ್ತು. ಹಳದಿಯಾಗಿತ್ತು.

ರಾಜೀವಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊರಗಿಣುಕಿದಳು. ಕಣ್ಣುಗಳು ಕೆಂಪಾಗಿದ್ದವು. "ಮಗು ಬಂತು, ಹೆಣ್ಣು. ತಾಯಿಗೆ ರಕ್ತ ನಿಲ್ತಾ ಇಲ್ಲ. ನಾನು ರಕ್ತಕ್ಕೇ ಫೋನು ಮಾಡ್ತಾ ಇದ್ದೆ. ಎಂತ ಆಯ್ತು, ಹೇಳಿ."

"ಪಾವಣೆ ಎರಡು ಅಂತ ಹೇಳಿದ್ನೆಲ್ರೀ ಅಕ್ಕಾರ! ಯಾಕ ಆರಸಲಿಲ್ಲ?"

"ಹೌದಲ್ಲ, ಪಾವಣೆ ಎರಡು. ಎರಡೂ ಕಾಲು. ತುಂಬಿದೆ ಅಂತ ಅರ್ಥ ಅಲ್ವಾ? ರುಕ್ಮಿಣಿಬಾಯಿ ಅಂಕಿಯಲ್ಲಿ ಬರೆದು ಕೊಟ್ಟದ್ದು ಹಾಗೇ: ಎರಡೂ ಕಾಲು ಇದ್ರೆ ಹೆದರಿಕೆ ಇಲ್ಲ, ಒಂದೂ ಮುಕ್ಕಾಲಿಗೆ ಬಂದ್ರೆ ಆರಿಸು ಅಂತ. ನಾನು ಡಾಕ್ಟ್ರಿಗೂ ಹೇಳಿಯಾಯ್ತು, ಬ್ಯಾಟರಿ ತುಂಬಿದೆ ಅಂತ. ಅದಕ್ಕೇ ಅವರು ಗಡಿಬಿಡಿ ಮಾಡದೆ ಹೊಲೀತಾ ಇದ್ದಾರೆ."

ಧರ್ಮಣ್ಣನಿಗೆ ಈಗ ತಿಳಿಯಿತು. ಪಾವ್ ಕಿಲೋ ಅಕ್ಕಿ, ಪಾವ್ ಕಿಲೋ ಸಕ್ಕರೆ ಎಂದು ಈ ಊರಿನ ಅಂಗಡಿಗಳಲ್ಲಿ ಕಲಿತ ಉಡುಪಿ ಕಡೆಯ ಹೆಣ್ಣುಮಗಳು ಅವಳು. ಪಾವ್ ಎಂದರೆ ಕಾಲು. ಪಾವಣೆ ಎರಡು ಎಂದರೆ ಕಾಲೂ ಎರಡೂ. ಅವಳು ಕೂಡಿಸಿದ್ದಳು. ಕಳೆಯಬೇಕಿತ್ತು.

ಒಂದೂಮುಕ್ಕಾಲು ಎಂಬ ಮಾತು ಅವನಿಗೆ ಗೊತ್ತಿಲ್ಲದ್ದೇನಲ್ಲ, ಅವಳು ಈಗಷ್ಟೇ ಅದನ್ನು ಹೇಳಿದ್ದಳು ಕೂಡ. ಆದರೆ ಹುಟ್ಟಿದಾಗಿನಿಂದ ಆಡಿದ ಮಾತು ಒಂದೇ ಬಾಯಿಗೆ ಬರುತ್ತಿತ್ತು, ಪಾವಣೆ, ಪಾವಣೆ. ಅವನು ಎರಡು ಬೆರಳು ಎತ್ತಿ ಹಿಡಿದ. ಇನ್ನೊಂದು ಕೈಯಿಂದ ಒಂದು ಬೆರಳಿನ ತುದಿಯನ್ನು ಹಿಡಿದು ಮಡಚಿದ.

"ಎರಡರ ಮ್ಯಾಲ ಅಲ್ರೀ ಅಕ್ಕಾರ. ಎರಡಕ್ಕ ಕಾಲು ಕಮ್ಮಿ! ಕಮ್ಮಿ ಐತಿ!"

ರಾಜೀವಿ ಆ ಮಡಚಿದ ಬೆರಳನ್ನು ನೋಡಿದಳು. "ಅಯ್ಯೋ ದೇವ್ರೆ," ಎಂದಳು. "ಒಂದೂ ಮುಕ್ಕಾಲಾ?"

"ಹೂಂ. ಒಂದೂ ಮುಕ್ಕಾಲು. ಅದಕ್ಕೂ ಕೆಳಗ ಹೊಂಟೈತಿ."

ಅವಳು ಒಳಗೆ ತಿರುಗಿದಳು. ಗೋಡೆಯ ಸ್ವಿಚ್ಚುಗಳು ಒಂದರ ಹಿಂದೊಂದು ಬಿದ್ದ ಸದ್ದು ಕೇಳಿಸಿತು. ಹಜಾರ ಕತ್ತಲಾಯಿತು. ಯಂತ್ರದ ಗುಂಯ್ಗುಡುವಿಕೆ ನಿಂತಿತು. "ಡಾಕ್ಟ್ರೇ, ತಪ್ಪಾಯ್ತು, ಬ್ಯಾಟರಿ ಮುಗೀತಾ ಬಂತು" ಎಂದು ಅವಳು ಹೇಳುವುದೂ, ಗಂಡಸಿನ ದನಿಯೊಂದು ಏರಿಸದೆ ಇಳಿಸದೆ "ಹತ್ತಿ ಕೊಡಿ, ಇನ್ನೂ ಕೊಡಿ" ಎನ್ನುವುದೂ ಕೇಳಿಸಿತು. ದುಂಡು ಗಾಜಿನ ಆಚೆ ದೀಪ ಹಳದಿಯಿಂದ ಮೆಲ್ಲಗೆ ಬೆಳ್ಳಗಾಯಿತು. ಹೊರೆ ಇಳಿದರೆ ಜಾಡಿಗಳು ಹೀಗೆ ಕೊಂಚ ತಲೆ ಎತ್ತುತ್ತವೆ. ಅದು ಅವುಗಳ ಗುಣ. ಆದರೆ ಎಷ್ಟು ಹೊತ್ತು ಎತ್ತಿರುತ್ತವೆ ಎಂದು ಯಾರೂ ಹೇಳಲಾರರು.

ಕತ್ತಲಲ್ಲಿ ಐತ ಅವನ ತೋಳು ಹಿಡಿದುಕೊಂಡ. "ಮಗು ಹೆಣ್ಣು ಅಂತ ಹೇಳಿದ್ರಾ?"

"ಹೌದ್ರಿ. ಹೆಣ್ಣು."

"ಅವಳು?"

"ನಾ ಕೆಳಗ ಹೋಗಬೇಕ್ರಿ," ಎಂದ ಧರ್ಮಣ್ಣ.

ಕೆಳಗೆ ಬಂದಾಗ ಮುಳ್ಳು ಹತ್ತರಲ್ಲಿತ್ತು. ಅವನು ಮೀಟರು ಹಿಡಿದು ನಾಡಿಜಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಎರಡು ಮೊನೆಗಳನ್ನು ಜಾಡಿಯ ಎರಡು ಸೀಸದ ಕಂಬಗಳ ಮೇಲೆ ನಿಲ್ಲಿಸಿದ. ಮೊಣಕೈಯನ್ನು ಹಲಗೆಗೆ ಒತ್ತಿ ಹಿಡಿದು ನೋಡಿದ. ಪಾವಣೆ ಎರಡರ ಮೇಲೆ ಎರಡು ಎಳೆ. ಆಮೇಲೆ ಒಂದು ಎಳೆ. ಆಮೇಲೆ ಸರಿಯಾಗಿ ಪಾವಣೆ ಎರಡು. ಆಮೇಲೆ ಅವನು ನೋಡುವುದನ್ನೇ ಬಿಟ್ಟು, ಜಾಡಿಯ ತಣ್ಣನೆಯ ಗಾಜಿಗೆ ಅಂಗೈ ಇಟ್ಟುಕೊಂಡು ಕುಳಿತ, ಜ್ವರ ಬಂದವರ ಹಣೆಯ ಮೇಲೆ ಇಟ್ಟ ಹಾಗೆ.

ಫ್ಯಾನು ಒಮ್ಮೆ ಕೆಮ್ಮಿ ಸುತ್ತತೊಡಗಿದಾಗ ಅವನು ಬೆಚ್ಚಿಬಿದ್ದ. ಬಲ್ಬು ಹತ್ತಿತ್ತು. ಗೋಡೆಯ ಸ್ವಿಚ್ಚು ಟಕ್ ಎಂದು ತನ್ನ ಜಾಗಕ್ಕೆ ಮರಳಿತ್ತು. ಬಹಳ ಹೊತ್ತಿನ ಮೇಲೆ ಫೋನು ಬಡಿದುಕೊಂಡಿತು.

"ಧರ್ಮಣ್ಣ," ಎಂದಳು ರಾಜೀವಿ. "ರಕ್ತ ನಿಂತಿತು. ಹೊಲಿಗೆ ಆಯ್ತು. ಸೇವಂತಿ ಉಸಿರಾಡ್ತಾ ಇದ್ದಾಳೆ."

"ಬರೋಬರಿ ಆತ್ರಿ," ಎಂದು ಹೇಳಿ ಧರ್ಮಣ್ಣ ಫೋನು ಇಟ್ಟ. ಹೊರಗೆ ಬಂದು ಮಳೆಯಲ್ಲಿ ನಿಂತುಕೊಂಡ.

ಮರುದಿನ ಬೆಳಿಗ್ಗೆ ರಾಜೀವಿ ಕೋಣೆಗೆ ಬಂದಳು. ಹೊಸ್ತಿಲಲ್ಲಿ ನಿಂತು ಜಾಡಿಗಳ ಸಾಲನ್ನು ನೋಡಿ, "ಇಷ್ಟೇನಾ? ನಾನು ದೊಡ್ಡ ಮಿಷನ್ನು ಅಂತ ಎಣಿಸಿದ್ದೆ," ಎಂದಳು. ಧರ್ಮಣ್ಣ ಅವಳಿಗೆ ಮೀಟರು ಹಿಡಿಯುವುದನ್ನು ತೋರಿಸಿದ. ಅವಳು ಓದಿದಳು. ಆಮೇಲೆ ನಗಲೋ ಬೇಡವೋ ಎಂಬಂತೆ ಹೇಳಿದಳು:

"ಎಂತ ಕನ್ನಡ ಮಾರಾಯ್ರೆ ನಿಮ್ಮದು? ಎರಡು ಅಂತ ಹೇಳ್ತೀರಿ, ಎರಡು ಇರುವುದೇ ಇಲ್ಲ."

"ನಿಮ್ಮದೇನ್ ಕಮ್ಮಿ ಏನ್ರಿ ಅಕ್ಕಾರ? ನೀವು 'ಎರಡೂ ಕಾಲು' ಅಂದ್ರ ನಾ ಏನ್ ತಿಳಕೋಬೇಕು?" ಅವನು ಬಗ್ಗಿ ತನ್ನ ಎರಡೂ ರಬ್ಬರ್ ಬೂಟುಗಳನ್ನು ತಟ್ಟಿದ. "ನಮ್ಮ ಕಡೆ ಎರಡೂ ಕಾಲು ಅಂದ್ರ ಇವು."

ರಾಜೀವಿ ನಕ್ಕಳು. ನಗುತ್ತ ನಗುತ್ತ ಅತ್ತಳು. ನಿನ್ನೆ ಇಡೀ ದಿನ ಅವಳು ಅತ್ತಿರಲಿಲ್ಲ. ಧರ್ಮಣ್ಣ ಏನು ಮಾಡಬೇಕೆಂದು ತಿಳಿಯದೆ ಬಟ್ಟಿ ಇಳಿಸಿದ ನೀರನ್ನೇ ಒಂದು ಲೋಟದಲ್ಲಿ ಕೊಟ್ಟ.

ರಜೆ ಮುಗಿಸಿ ಬಂದ ರುಕ್ಮಿಣಿಬಾಯಿ ಕೈ ಹಣೆಗೆ ಬಡಿದುಕೊಂಡರು: "ಅಗೋ, ತುಮ್ಹಿ ದೋಘೇ ಕಾನಡಿ ನಾ!" ನೀವಿಬ್ಬರೂ ಕನ್ನಡದವರೇ ಅಲ್ಲವೇ ಎಂಬುದು ಅವರ ಪ್ರಶ್ನೆ. ಫೋನಿನಲ್ಲಿ ಅಂಕಿಗಳನ್ನು ಇನ್ನು ಮೇಲೆ ಇಂಗ್ಲಿಷಿನಲ್ಲಿ ಒಂದೊಂದಾಗಿ ಬಿಡಿಸಿ ಹೇಳಬೇಕೆಂದು ಸೂಪರಿಂಟೆಂಡೆಂಟರ ಆಜ್ಞೆಯಾಯಿತು. ಮರುವರ್ಷ ಹಳೆಯ ಚಾರ್ಜರು ಹೋಗಿ, ರಸ್ತೆಯ ವೋಲ್ಟೇಜು ಏರಲಿ ಇಳಿಯಲಿ, ಜಾಡಿಗಳಿಗೆ ಮಾತ್ರ ಒಂದೇ ಸಮನೆ ಉಣಿಸುವ ಹೊಸದು ಬಂತು. ಜನರೇಟರನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿದರು. ಧರ್ಮಣ್ಣನ ಅಂಜಿಕೆ ಇದ್ದಲ್ಲೇ ಇತ್ತು. ಅದು ಹೋಗಲೆಂದು ಅವನೂ ಬಯಸಲಿಲ್ಲ. ಇಂಗ್ಲಿಷಿನಲ್ಲಿ ಅಂಕಿ ಒಪ್ಪಿಸಿದ ಮೇಲೆ ರಾಜೀವಿ ದಿನಾ ಒಂದು ಮಾತು ಸೇರಿಸುತ್ತಿದ್ದಳು, "ಸವ್ವಾ ಎರಡಲ್ವಾ ಧರ್ಮಣ್ಣ?" ಅವನು "ಹೌದ್ರಿ ಅಕ್ಕಾರ, ಎರಡೂ ಕಾಲು" ಎನ್ನುತ್ತಿದ್ದ. ಇಬ್ಬರೂ ಇನ್ನೊಬ್ಬರ ಕನ್ನಡದಲ್ಲಿ.

೧೯೭೮ರಲ್ಲಿ, ಜಾಡಿಗಳನ್ನು ಎತ್ತಿ ಎತ್ತಿ, ಧರ್ಮಣ್ಣನಿಗೆ ಹರ್ನಿಯಾ ಆಯಿತು. ಅದೇ ಥಿಯೇಟರು, ಅದೇ ಮೇಜು. ಕೋಣೆಗೆ ಹೊಸದಾಗಿ ಬಂದಿದ್ದ ಖಂಡಪ್ಪನಿಗೆ ಅವನು ಹಿಂದಿನ ದಿನವೆಲ್ಲ ಪಾಠ ಒಪ್ಪಿಸಿದ. ಮನೆಯಲ್ಲಿ ಅನ್ನ ಇಳಿಯಲಿಲ್ಲ.

"ಮಂದಿಗೆಲ್ಲ ದೀಪಾ ಕೊಟ್ಟವ್ರು ನೀವು," ಎಂದಳು ಭಾಗವ್ವ. "ನಿಮಗ ದೇವ್ರು ಕತ್ತಲಿ ಮಾಡ್ತಾನೇನ್ರಿ?"

"ದೇವ್ರ ಮ್ಯಾಲ ಅನುಮಾನ ಇಲ್ಲ. ಖಂಡಪ್ಪನ ಮ್ಯಾಲ ಐತಿ."

ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುವ ಆಪರೇಷನ್ ಅದು. ಎಚ್ಚರವಿರುತ್ತದೆ ಎಂದು ಹೇಳಿದಾಗ ಅವನ ಹೆದರಿಕೆ ಇಮ್ಮಡಿಯಾಯಿತು. ಮೇಜಿನ ಮೇಲೆ ಮಲಗಿಸಿದರು. ಕನಸಿನಲ್ಲಿ ಮಾತ್ರ ಕಂಡಿದ್ದ ಕೋಣೆಯ ಒಳಗನ್ನು ಅವನು ಮೊದಲ ಸಲ ನೋಡಿದ. ದೀಪ ನೇರ ಮುಖದ ಮೇಲಿತ್ತು. ಅದು ಬೆಳ್ಳಗಿದೆಯೋ, ಒಂದಿಷ್ಟು ಹಳದಿಯಿದೆಯೋ ಎಂದು ಅವನು ದಿಟ್ಟಿಸುತ್ತಿದ್ದ. ದಿಟ್ಟಿಸಿದಷ್ಟೂ ಹಳದಿಯೆಂದೇ ಅನ್ನಿಸುತ್ತಿತ್ತು. ಹಲ್ಲುಗಳು ಕಟಕಟ ಎಂದವು.

"ಅಕ್ಕಾರ, ಒಂದ್ ಫೋನ್ ಮಾಡ್ರಿ. ಖಂಡಪ್ಪನ್ನ ಕೇಳ್ರಿ, ಎಷ್ಟೈತಿ ಅಂತ."

ರಾಜೀವಿ ವೈದ್ಯರ ಕಡೆ ನೋಡಿದಳು. ಅವರು ಆಗಲಿ ಎಂಬಂತೆ ತಲೆ ಆಡಿಸಿದರು. ಅವಳು ಫೋನು ತಿರುಗಿಸಿ, "ಖಂಡಪ್ಪ, ಎಷ್ಟುಂಟು?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಬಾಯಿಯ ಬಟ್ಟೆಯ ಹಿಂದೆ ಮುಗುಳ್ನಕ್ಕಳು. ಅಷ್ಟರಲ್ಲಿ ಸೂಜಿ ಕೊಟ್ಟ ವೈದ್ಯರು ಅವಳಿಗೆ ಮರಾಠಿಯಲ್ಲಿ ಏನೋ ಅಂದರು.

"ಧರ್ಮಣ್ಣ, ಮೊದಲು ನನಗೆ ಹೇಳಿ," ಎಂದಳು ಅವಳು. ಫೋನು ಇನ್ನೂ ಕೈಯಲ್ಲೇ ಇತ್ತು. "ಡಾಕ್ಟ್ರು ಕೇಳ್ತಾ ಇದ್ದಾರೆ. ಜೋಮು ಬಂತಾ? ಯಾವ ಕಾಲಿಗೆ?"

ಧರ್ಮಣ್ಣ ಬಲಗಾಲಿನ ಬೆರಳು ಅಲುಗಿಸಲು ನೋಡಿದ. ಎಡಗಾಲಿನದು ನೋಡಿದ. ಎರಡೂ ಇವನ ಮಾತು ಕೇಳಲಿಲ್ಲ. ಕಣ್ಣು ದೀಪದಿಂದ ಸರಿದು, ರಾಜೀವಿಯ ಕೈಯಲ್ಲಿದ್ದ ಫೋನಿನ ಮೇಲೆ, ಅಲ್ಲಿಂದ ಅವಳ ನಗುವ ಕಣ್ಣುಗಳ ಮೇಲೆ ನಿಂತಿತು. ಖಂಡಪ್ಪ ಹೇಳಿದ ಅಂಕಿಯನ್ನು ಅವಳು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಕಟಕಟ ಎನ್ನುವ ಹಲ್ಲುಗಳ ನಡುವೆಯೇ ಧರ್ಮಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ:

"ಎರಡೂ ಕಾಲು."